ಅಡಿಗೆಮನೆಗೆ ನಕ್ಷೆ ಬರೆದ ಕ್ಯಾಥರಿನ್ ಬೀಚರ್

ಸಾಹಿತ್ಯದ ಚರಿತ್ರೆಯನ್ನು ಓದುವಾಗ ನಾವು ಗ್ರಂಥವನ್ನು ನೋಡುತ್ತೇವೆ, ಗ್ರಂಥಕರ್ತರನ್ನು ನೋಡುತ್ತೇವೆ. ಅವರು ಹುಟ್ಟಿದ ಕಾಲವನ್ನೂ ಆ ಕಾಲದ ಆಶೋತ್ತರಗಳನ್ನೂ ವಿಚಾರಿಸುತ್ತೇವೆ. ಆದರೆ ಆ ಗ್ರಂಥ ರಚನೆಯಾಗುತ್ತಿದ್ದ ದಿನಗಳಲ್ಲಿ ಆ ಮನೆಯ ಒಲೆಯನ್ನು ಉರಿಸುತ್ತಿದ್ದವರು ಯಾರು ಎಂದು ಮಾತ್ರ ಕೇಳುವುದಿಲ್ಲ. ಹ್ಯಾರಿಯೆಟ್ ಬೀಚರ್ ಸ್ಟೋ ಬರೆದ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯನ್ನು ಹೆಸರಿನಿಂದಲಾದರೂ ಅರಿಯದ ವಿದ್ಯಾರ್ಥಿ ವಿರಳ. ಆ ಕಾದಂಬರಿ ಬರೆಯಲ್ಪಟ್ಟ ತಿಂಗಳುಗಳಲ್ಲಿ ಹ್ಯಾರಿಯೆಟ್ಟಳ ಮನೆಯನ್ನೂ ಮಕ್ಕಳನ್ನೂ ನೋಡಿಕೊಂಡವಳು ಅವಳ ಹಿರಿಯಕ್ಕ ಕ್ಯಾಥರಿನ್ ಬೀಚರ್. ತನ್ನ ಕಾಲದಲ್ಲಿ ತಂಗಿಯಷ್ಟೇ ಹೆಸರಾಗಿದ್ದ ಈ ಅಕ್ಕನನ್ನು ಇಂದು ನೆನೆಯುವವರು ಹೆಚ್ಚಾಗಿ ಶಿಕ್ಷಣದ ಚರಿತ್ರಕಾರರು ಮತ್ತು, ಆಶ್ಚರ್ಯವೆನಿಸಬಹುದು, ವಾಸ್ತುಶಿಲ್ಪಿಗಳು. ಅಡಿಗೆಮನೆಯಲ್ಲಿ ಯಾವುದು ಎಲ್ಲಿರಬೇಕು, ಏಕೆ ಅಲ್ಲಿಯೇ ಇರಬೇಕು ಎಂಬುದನ್ನು ಒಂದು ಶಾಸ್ತ್ರದ ಗಾಂಭೀರ್ಯದಿಂದ ಆಲೋಚಿಸಿದ ಮೊದಲಿಗರಲ್ಲಿ ಆಕೆ ಒಬ್ಬಳು. ಅಂಥವಳಿಗೆ ತನ್ನದೆನ್ನುವ ಒಂದು ಮನೆ ಜೀವಮಾನದಲ್ಲಿ ನೆಲೆಯಾಗಿ ದೊರೆಯಲಿಲ್ಲ. ಈ ವಿಚಿತ್ರವಾದ ಬಾಳಿನ ಕಥೆಯನ್ನು ನಾನಿಲ್ಲಿ ಹೇಳಹೊರಟಿದ್ದೇನೆ.

ಕ್ಯಾಥರಿನ್ ಹುಟ್ಟಿದ್ದು 1800ನೆಯ ಇಸವಿ ಸೆಪ್ಟೆಂಬರ್ 6ರಂದು, ನ್ಯೂಯಾರ್ಕ್ ಸಂಸ್ಥಾನದ ಲಾಂಗ್ ಐಲೆಂಡಿನ ಈಸ್ಟ್ ಹ್ಯಾಂಪ್ಟನ್ ಎಂಬ ಊರಿನಲ್ಲಿ. ತಂದೆ ಲೈಮನ್ ಬೀಚರ್ ಹೆಸರಾಂತ ಧರ್ಮೋಪದೇಶಕ; ಕಟ್ಟುನಿಟ್ಟಿನ ಕ್ಯಾಲ್ವಿನ್ ಪಂಥದವನು. ಅವನ ಮಕ್ಕಳಲ್ಲಿ ಈಕೆಯೇ ಹಿರಿಯಳು. 1810ರಲ್ಲಿ ಸಂಸಾರ ಕನೆಕ್ಟಿಕಟ್ ಪ್ರಾಂತದ ಲಿಚ್‌ಫೀಲ್ಡಿಗೆ ಬಂದಿತು. ಅಲ್ಲಿ ಸಾರಾ ಪಿಯರ್ಸ್ ಎಂಬಾಕೆ ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ಕ್ಯಾಥರಿನ್ ಓದಿದಳು. ಹುಡುಗಿಗೆ ಕವಿತೆಯಲ್ಲಿ ಆಸಕ್ತಿ, ಹರಟೆಯಲ್ಲಿ ಆಸಕ್ತಿ. ಸೂಜಿ, ಸೌಟುಗಳಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ.

1816ರಲ್ಲಿ ತಾಯಿ ರಾಕ್ಸಾನಾ ತೀರಿಕೊಂಡಳು. ಎಂಟು ಮಂದಿ ಮಕ್ಕಳ ಮನೆ. ಹಿರಿಯ ಮಗಳಿಗೆ ಹದಿನಾರು ವರ್ಷ. ಸೋದರತ್ತೆಯೊಬ್ಬಳು ಬಂದು ಮನೆಯ ಹೊಣೆ ಹೊತ್ತಳಾದರೂ ಅಡಿಗೆ, ಹೊಲಿಗೆ, ಕಿರಿಯರ ಲಾಲನೆ ಪಾಲನೆಗಳ ಬಹುಭಾಗ ಕ್ಯಾಥರಿನ್ನಳ ಪಾಲಿಗೆ ಬಂದಿತು. ಮನೆಗೆಲಸವೆಂಬುದು ಹೆಣ್ಣಿಗೆ ಹುಟ್ಟಿನಿಂದ ಬರುವ ವರವಲ್ಲ, ಕಲಿತರೆ ಮಾತ್ರ ಬರುವ ವಿದ್ಯೆ, ಕಲಿಸುವವರಿಲ್ಲದಿದ್ದರೆ ಮೈ ಮುರಿಯುವ ದುಡಿಮೆ ಎಂಬ ಅರಿವು ಆಕೆಗೆ ಆ ಕಾಲದಲ್ಲಿಯೇ ಮೊಳೆತಿರಬೇಕೆಂದು ನಾನು ಭಾವಿಸುತ್ತೇನೆ. ಮುಂದೆ ಆಕೆ ಬರೆದ ಪುಸ್ತಕಗಳ ಹಿಂದೆ ಈ ಹದಿನಾರರ ಹುಡುಗಿ ನಿಂತಿದ್ದಾಳೆ.

ಇದಾದ ಆರು ವರ್ಷಗಳಿಗೆ ಮತ್ತೊಂದು ಆಘಾತ. ಯೇಲ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ ಅಲೆಕ್ಸಾಂಡರ್ ಮೆಟ್‌ಕಾಫ್ ಫಿಶರ್ ಎಂಬ ಮೇಧಾವಿ ತರುಣನೊಡನೆ ಆಕೆಯ ವಿವಾಹ ನಿಶ್ಚಯವಾಗಿತ್ತು. ಹೆಚ್ಚಿನ ವಿದ್ಯಾರ್ಜನೆಗಾಗಿ ಯೂರೋಪಿಗೆ ಹೊರಟ ಆತನ ಹಡಗು 1822ರ ಏಪ್ರಿಲ್ 22ರಂದು ಐರ್ಲೆಂಡಿನ ಕರಾವಳಿಯಲ್ಲಿ ಬಂಡೆಗೆ ಬಡಿದು ಒಡೆಯಿತು, ಫಿಶರ್ ಮುಳುಗಿಹೋದ. ದುಃಖದ ಮೇಲೆ ದುಃಖವೆಂಬಂತೆ, ಧಾರ್ಮಿಕ ಪರಿವರ್ತನೆಯ ಅನುಭವ ಹೊಂದದೆ ಸತ್ತವನಿಗೆ ಸದ್ಗತಿಯುಂಟೆ ಎಂಬ ಸಂಶಯ ತಂದೆಯ ಸಿದ್ಧಾಂತದೊಳಗೇ ಅಡಗಿತ್ತು. ಅಷ್ಟು ಒಳ್ಳೆಯವನು ನರಕಕ್ಕೆ ಹೋಗಬೇಕೆನ್ನುವ ದೇವರನ್ನು ಒಪ್ಪಲು ಆಕೆಯ ಮನಸ್ಸು ಬಗ್ಗಲಿಲ್ಲ. ಫಿಶರನ ತಂದೆತಾಯಿಗಳ ಮನೆಯಲ್ಲಿ ಕೆಲವು ತಿಂಗಳು ಇದ್ದು, ಗಣಿತವನ್ನೂ ವಿಜ್ಞಾನವನ್ನೂ ಅಭ್ಯಾಸ ಮಾಡಿದಳು. ಮರಳಿ ಬಂದಾಗ ಆಕೆ ಬೇರೆಯೇ ವ್ಯಕ್ತಿಯಾಗಿದ್ದಳು. ಮದುವೆಯ ಮಾತು ಅಲ್ಲಿಗೆ ಮುಗಿಯಿತು. ಫಿಶರ್ ಆಕೆಯ ಹೆಸರಿಗೆ ಬಿಟ್ಟುಹೋಗಿದ್ದ ಎರಡು ಸಾವಿರ ಡಾಲರುಗಳು ಸ್ವತಂತ್ರ ಜೀವನಕ್ಕೆ ಮೂಲಧನವಾದವು.

1823ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ, ಕುದುರೆಯ ಜೀನು ಲಗಾಮುಗಳನ್ನು ಮಾರುವ ಅಂಗಡಿಯೊಂದರ ಮಹಡಿಯ ಮೇಲೆ, ಏಳು ಮಂದಿ ವಿದ್ಯಾರ್ಥಿನಿಯರೊಡನೆ ಕ್ಯಾಥರಿನ್ ಒಂದು ಶಾಲೆಯನ್ನು ತೆರೆದಳು. ಅದೇ ಮುಂದೆ ಹಾರ್ಟ್‌ಫರ್ಡ್ ಫೀಮೇಲ್ ಸೆಮಿನರಿ ಎಂದು ಪ್ರಸಿದ್ಧವಾಗಿ, ನಾಲ್ಕೇ ವರ್ಷಗಳಲ್ಲಿ ತನ್ನದೇ ಆದ ಕಟ್ಟಡವನ್ನು ಪಡೆಯಿತು. ಕಸೂತಿ, ಸಂಗೀತಗಳಷ್ಟೇ ಹೆಣ್ಣಿನ ವಿದ್ಯೆಯೆಂದು ಬಗೆದಿದ್ದ ಕಾಲದಲ್ಲಿ ಅಲ್ಲಿ ತರ್ಕ, ತತ್ತ್ವ, ರಸಾಯನ, ಲ್ಯಾಟಿನ್ ಭಾಷೆಗಳ ಪಾಠ ನಡೆಯುತ್ತಿತ್ತು. ದೇಹಕ್ಕೆ ವ್ಯಾಯಾಮವೂ ಇತ್ತು. ತಂಗಿ ಹ್ಯಾರಿಯೆಟ್ ಅಲ್ಲಿಯೇ ಓದಿ, ಅಲ್ಲಿಯೇ ಉಪಾಧ್ಯಾಯಿನಿಯಾದಳು. 1829ರಲ್ಲಿ, ಚೆರೋಕಿ ಮೊದಲಾದ ಮೂಲನಿವಾಸಿಗಳನ್ನು ಅವರ ನೆಲದಿಂದ ಹೊರಗಟ್ಟುವ ಪ್ರಸ್ತಾಪದ ವಿರುದ್ಧ ಹೆಂಗಸರಿಂದ ಮನವಿ ಪತ್ರಗಳನ್ನು ಬರೆಯಿಸುವ ಚಳವಳಿಯನ್ನು ಆಕೆ ತನ್ನ ಹೆಸರನ್ನು ಮರೆಮಾಡಿ ನಡೆಸಿದಳು.

1832ರಲ್ಲಿ ತಂದೆಯೊಡನೆ ಪಶ್ಚಿಮದ ಸಿನ್ಸಿನಾಟಿಗೆ ಹೋಗಿ ಅಲ್ಲಿಯೂ ಒಂದು ವಿದ್ಯಾಸಂಸ್ಥೆಯನ್ನು ತೆರೆದಳು. ಅದು ಐದೇ ವರ್ಷಗಳಲ್ಲಿ ಮುಚ್ಚಿಹೋಯಿತು. ಅಲ್ಲಿಂದಾಚೆಗೆ ಕ್ಯಾಥರಿನ್ ಬೀಚರಳ ಬಾಳು ಬಹುಮಟ್ಟಿಗೆ ಸಂಚಾರಿ ಬಾಳು. ತಮ್ಮಂದಿರ ಮನೆಯಲ್ಲಿ ಕೆಲವು ತಿಂಗಳು, ತಂಗಿಯರ ಮನೆಯಲ್ಲಿ ಕೆಲವು ತಿಂಗಳು, ಸ್ನೇಹಿತೆಯರ ಮನೆಯಲ್ಲಿ ಕೆಲವು ವಾರ. ನಡುವೆ ಊರೂರಿಗೆ ಪ್ರಯಾಣ, ಉಪನ್ಯಾಸ, ಧನಸಂಗ್ರಹ. ಪಶ್ಚಿಮದ ಹೊಸ ವಸತಿಗಳಿಗೆ ಪೂರ್ವದಿಂದ ನೂರಾರು ಉಪಾಧ್ಯಾಯಿನಿಯರು ಹೋಗಿ ನೆಲೆಸುವುದಕ್ಕೆ ಆಕೆಯ ಶ್ರಮ ಕಾರಣವಾಯಿತು. ಇಷ್ಟು ಮನೆಗಳಲ್ಲಿ ಅತಿಥಿಯಾಗಿ ಉಳಿದವಳಿಗೆ ಇಷ್ಟೂ ಮನೆಗಳ ಅಡಿಗೆಮನೆಗಳನ್ನು ಕಾಣುವ ಅವಕಾಶವಿತ್ತು. ಕಂಡದ್ದು ಸಂತೋಷದ ನೋಟವಾಗಿರಲಿಲ್ಲ. ಎಳೆಯ ವಯಸ್ಸಿಗೇ ಬಳಲಿದ ಗೃಹಿಣಿಯರು, ಹಾಸಿಗೆ ಹಿಡಿದ ತಾಯಂದಿರು. ಆ ಬಳಲಿಕೆಗೆ ಅಜ್ಞಾನ ಒಂದು ಕಾರಣ, ಮನೆಯ ಕಟ್ಟಡವೇ ಇನ್ನೊಂದು ಕಾರಣ ಎಂದು ಆಕೆ ಕಂಡುಕೊಂಡಳು.

1841ರಲ್ಲಿ ಬಾಸ್ಟನ್ನಿನಲ್ಲಿ ಅಚ್ಚಾದ ‘ಎ ಟ್ರೀಟೀಸ್ ಆನ್ ಡೊಮೆಸ್ಟಿಕ್ ಎಕಾನಮಿ’ ಎಂಬ ಗ್ರಂಥ ಈ ಆಲೋಚನೆಯ ಫಲ. ಶರೀರಶಾಸ್ತ್ರದಿಂದ ಹಿಡಿದು ಆಹಾರ, ಉಡುಪು, ಶಿಶುಪೋಷಣೆ, ತೋಟಗಾರಿಕೆಯವರೆಗೆ ಅದರ ವ್ಯಾಪ್ತಿ. ಅದರಲ್ಲಿ ಮನೆ ಕಟ್ಟುವುದನ್ನು ಕುರಿತ ಅಧ್ಯಾಯವೊಂದಿದೆ, ನಕ್ಷೆಗಳೂ ಇವೆ. ಮನೆಯ ನಕ್ಷೆ ಹಾಕುವಾಗ ಐದು ಬಗೆಯ ಮಿತವ್ಯಯವನ್ನು ಲಕ್ಷ್ಯದಲ್ಲಿಡಬೇಕೆಂದು ಆಕೆ ಹೇಳುತ್ತಾಳೆ. ಶ್ರಮ, ಹಣ, ಆರೋಗ್ಯ, ಸೌಖ್ಯ, ಸದಭಿರುಚಿ ಇವು ಆ ಐದು. ಹಣಕ್ಕಿಂತ ಮೊದಲು ಶ್ರಮವನ್ನು ಎಣಿಸಿದ್ದನ್ನು ಓದುಗರು ಗಮನಿಸಬೇಕು. ಮನೆ ಕಟ್ಟುವವನು ಖರ್ಚನ್ನು ಒಮ್ಮೆ ಮಾಡುತ್ತಾನೆ. ಅದರಲ್ಲಿ ದುಡಿಯುವವಳು ಅದರ ಬಾಡಿಗೆಯನ್ನು ದಿನದಿನವೂ ಮೈಯಿಂದ ತೆರುತ್ತಾಳೆ. ಬಾವಿ ಒಂದು ಕಡೆ, ಸೌದೆಯ ರಾಶಿ ಇನ್ನೊಂದು ಕಡೆ, ಅಡಿಗೆ ಕೆಳಗಿನ ಅಂತಸ್ತಿನಲ್ಲಿ, ಊಟ ಮೇಲಿನ ಅಂತಸ್ತಿನಲ್ಲಿ. ಇಂಥ ಮನೆ ನೋಡಲು ಎಷ್ಟು ಘನವಾಗಿದ್ದರೂ ಅದು ಕೆಟ್ಟ ಮನೆ ಎಂಬುದು ಆಕೆಯ ತೀರ್ಪು. ಈ ಪುಸ್ತಕ ಶಾಲೆಗಳಿಗೂ ಪಠ್ಯವಾಯಿತು. ಹದಿನೈದು ವರ್ಷಗಳ ಕಾಲ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಮರುಮುದ್ರಣ ಕಂಡಿತು. ಅಂಚಿಗೆ ತಳ್ಳಲ್ಪಟ್ಟಿದ್ದ ಮನೆಗೆಲಸ ಮೊದಲ ಬಾರಿಗೆ ಒಂದು ಅಧ್ಯಯನದ ವಿಷಯವಾಗಿ ಪಾಠದ ಮೇಜಿನ ಮೇಲೆ ಬಂದು ಕುಳಿತಿತು.

ಇನ್ನು ಬ್ರನ್ಸ್‌ವಿಕ್ಕಿನ ಪ್ರಸಂಗ. 1850ರಲ್ಲಿ ಹ್ಯಾರಿಯೆಟ್ಟಳ ಗಂಡ ಕ್ಯಾಲ್ವಿನ್ ಸ್ಟೋ ಮೇನ್ ಪ್ರಾಂತದ ಬೋಡನ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾದ. ಸಂಬಳ ಸಾಲದು, ಆರು ಮಕ್ಕಳು, ಅವುಗಳಲ್ಲಿ ಒಂದು ಹಸುಗೂಸು. ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸಬೇಕೆಂಬ ಕ್ರೂರ ಕಾನೂನು ಆ ವರ್ಷವೇ ಬಂದಿತ್ತು. ಹ್ಯಾರಿಯೆಟ್ಟಳ ಮನಸ್ಸಿನಲ್ಲಿ ಕಥೆ ಕುದಿಯುತ್ತಿತ್ತು. ಆದರೆ ಒಲೆಯ ಮೇಲಿನದನ್ನು ಇಳಿಸುವವರೆಗೆ ಒಳಗಿನದು ಕಾದಿರಬೇಕಾಗಿತ್ತು. ಆಗ ಕ್ಯಾಥರಿನ್ ತನ್ನ ಕಾರ್ಯಗಳನ್ನು ಬದಿಗಿಟ್ಟು, ಸುಮಾರು ಒಂದು ವರ್ಷ ತಂಗಿಯ ಮನೆಯಲ್ಲಿ ನಿಂತು ಸಂಸಾರದ ಭಾರವನ್ನು ಹೊತ್ತಳು. 1851ರ ಜೂನ್ 5ರಿಂದ ಮರುವರ್ಷದ ಏಪ್ರಿಲ್ 1ರವರೆಗೆ ವಾಷಿಂಗ್‌ಟನ್ನಿನ ‘ನ್ಯಾಷನಲ್ ಈರಾ’ ವಾರಪತ್ರಿಕೆಯಲ್ಲಿ ಕಾದಂಬರಿ ಬೆಳಕು ಕಂಡಿತು. 1852ರ ಮಾರ್ಚಿಯಲ್ಲಿ ಪುಸ್ತಕವಾಗಿ ಬಂದು, ಮೊದಲ ವರ್ಷದಲ್ಲಿಯೇ ಅಮೆರಿಕದಲ್ಲಿ 3 ಲಕ್ಷ ಪ್ರತಿಗಳು ಮಾರಾಟವಾದವು. ಆ ಗ್ರಂಥದ ಕೀರ್ತಿಯಲ್ಲಿ ಅಕ್ಕನಿಗೆ ಪಾಲು ಕೊಡಬೇಕೆಂದು ನನ್ನ ವಾದವಲ್ಲ, ಪ್ರತಿಭೆ ತಂಗಿಯದೇ. ಆದರೆ ಪ್ರತಿಭೆಗೆ ಹೊತ್ತು ಬೇಕು. ಅಡಿಗೆಮನೆಯಿಂದ ಆ ಹೊತ್ತನ್ನು ಬಿಡಿಸಿ ತಂದುಕೊಟ್ಟವಳು ಅಕ್ಕ. ಒಂದೊಂದು ಹೆಜ್ಜೆಯನ್ನು ಉಳಿಸಬೇಕೆಂಬ ಆಕೆಯ ಹಟ ಬರಿಯ ಅಚ್ಚುಕಟ್ಟಿನ ಹುಚ್ಚಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

1869ರಲ್ಲಿ ಅಕ್ಕ ತಂಗಿಯರಿಬ್ಬರ ಹೆಸರಿನಲ್ಲಿ ‘ದಿ ಅಮೆರಿಕನ್ ವುಮನ್ಸ್ ಹೋಮ್’ ಪ್ರಕಟವಾಯಿತು. ಹಳೆಯ ಗ್ರಂಥವನ್ನು ವಿಸ್ತರಿಸಿ ಬರೆದ ಈ ಪುಸ್ತಕದಲ್ಲಿ ಕ್ಯಾಥರಿನ್ನಳ ಅಡಿಗೆಮನೆ ತನ್ನ ಪೂರ್ಣರೂಪವನ್ನು ಪಡೆದಿದೆ. ಅವಳಿಗೆ ಮಾದರಿಯಾದದ್ದು ಶ್ರೀಮಂತರ ಪಾಕಶಾಲೆಯಲ್ಲ, ಹಬೆಯ ಹಡಗಿನ ಅಡಿಗೆ ಕೋಣೆ. ಇನ್ನೂರು ಮಂದಿಗೆ ಬೇಯಿಸುವ ಹಡಗಿನ ಬಾಣಸಿಗ ಅಂಗೈಯಗಲದ ಜಾಗದಲ್ಲಿ ನಿಂತು ಒಂದೆರಡು ಹೆಜ್ಜೆಗಳಲ್ಲಿ ಬೇಕಾದುದೆಲ್ಲವನ್ನೂ ಕೈಗೆ ಎಟುಕಿಸಿಕೊಳ್ಳುತ್ತಾನೆ. ದೊಡ್ಡ ಮನೆಯ ಗೃಹಿಣಿಯಾದರೋ ತನ್ನ ಅರ್ಧ ಶಕ್ತಿಯನ್ನು ಅತ್ತಿಂದಿತ್ತ ನಡೆಯುವುದರಲ್ಲಿಯೇ ಕಳೆಯುತ್ತಾಳೆ ಎಂದು ಆಕೆ ಹೋಲಿಸಿ ತೋರಿಸಿದಳು.

ಆ ನಕ್ಷೆಯ ವಿವರಗಳನ್ನು ನೋಡಿದರೆ ಇಂದಿಗೂ ಬೆರಗಾಗುತ್ತದೆ. ಒಲೆಗೊಂದು ಕೋಣೆ, ಕೆಲಸಕ್ಕೊಂದು ಕೋಣೆ. ನಡುವೆ ಗಾಜು ಕೂರಿಸಿದ, ಪಕ್ಕಕ್ಕೆ ಸರಿಯುವ ಬಾಗಿಲುಗಳು. ಬೆಳಕಿಗೆ ತಡೆಯಿಲ್ಲ, ಬಿಸಿಯೂ ವಾಸನೆಯೂ ಈಚೆಗೆ ಬಾರವು. ಹಿಟ್ಟಿನ ಪೀಪಾಯಿ ಸರಿಯಾಗಿ ಹಿಡಿಯುವಷ್ಟೇ ಅಳತೆಯ ಗೂಡು. ಪೀಪಾಯಿಯನ್ನು ಒಳಗಿಡಲು ಮುಂದೆ ಬಾಗಿಲು, ಹಿಟ್ಟು ತೆಗೆಯಲು ಮೇಲೆ ಮುಚ್ಚಳ. ಅದರ ಮಗ್ಗುಲಿಗೇ ಕೆಲಸದ ಕಟ್ಟೆ. ಅದರ ಮೇಲಿನ ಹಲಗೆಯ ಒಂದು ಮುಖದ ಮೇಲೆ ತರಕಾರಿ ಹೆಚ್ಚುವುದು, ಮಗುಚಿದರೆ ಇನ್ನೊಂದು ಮುಖದ ಮೇಲೆ ಹಿಟ್ಟು ನಾದುವುದು. ಆಮೇಲೆ ತೊಳೆಯುವ ತೊಟ್ಟಿ. ಅದಕ್ಕೆ ಎರಡು ಪಂಪುಗಳು, ಬಾವಿಯ ನೀರಿಗೆ ಒಂದು, ಮಳೆಯ ನೀರಿಗೆ ಒಂದು. ತೊಟ್ಟಿಯ ಪಕ್ಕದಲ್ಲಿ ಗೀರುಗಳನ್ನು ಕೊರೆದ ಹಲಗೆ. ತೊಳೆದ ಪಾತ್ರೆಯ ನೀರು ಆ ಗೀರುಗಳಲ್ಲಿ ಹರಿದು ತೊಟ್ಟಿಗೇ ಇಳಿಯುತ್ತದೆ. ಕೀಲು ಹಾಕಿರುವುದರಿಂದ ಅದೇ ಹಲಗೆಯನ್ನು ಮಡಿಸಿ ತೊಟ್ಟಿಗೆ ಮುಚ್ಚಳವಾಗಿಸಬಹುದು. ತೊಟ್ಟಿಯ ಕೆಳಗೆ ಬಟ್ಟೆಗಳನ್ನಿಡುವ ಪೆಟ್ಟಿಗೆಗಳು. ಅವುಗಳನ್ನಿಡುವ ಹಲಗೆಗಳನ್ನು ಬೇಕಾದಂತೆ ಮೇಲಕ್ಕೂ ಕೆಳಕ್ಕೂ ಕೂರಿಸಬಹುದು. ಇಲ್ಲಿ ಅಲಂಕಾರಕ್ಕಾಗಿ ಇಟ್ಟದ್ದು ಒಂದೂ ಇಲ್ಲ. ಒಂದು ಕೆಲಸ ಮುಗಿದೊಡನೆ ಮುಂದಿನ ಕೆಲಸದ ಸಲಕರಣೆ ಕೈಯ ಬಳಿಗೇ ಬಂದಿರಬೇಕು. ನಕ್ಷೆಯ ಸೂತ್ರ ಇಷ್ಟೆ.

ಬೀಜರೂಪದ ಈ ಸೂತ್ರ ಮುಂದಿನ ಶತಮಾನದಲ್ಲಿ ಹೆಮ್ಮರವಾಯಿತು. 1912ರಲ್ಲಿ ಅಮೆರಿಕದ ಕ್ರಿಸ್ಟೀನ್ ಫ್ರೆಡರಿಕ್ ಕಾರ್ಖಾನೆಯ ಕಾಲಮಾಪನದ ವಿಧಾನವನ್ನು ಅಡಿಗೆಮನೆಗೆ ಅನ್ವಯಿಸಿ ಲೇಖನಗಳನ್ನು ಬರೆದಳು. ಅವಳ ಬರಹವನ್ನು ಜರ್ಮನ್ ಭಾಷೆಯಲ್ಲಿ ಓದಿದ ಆಸ್ಟ್ರಿಯದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್‌ಸ್ಕಿ 1926ರಲ್ಲಿ ಫ್ರಾಂಕ್‌ಫರ್ಟ್ ನಗರದ ಸಾಮಾನ್ಯರ ಮನೆಗಳಿಗೆ 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡಿಗೆಮನೆಯನ್ನು ರೂಪಿಸಿದಳು. ಸುಮಾರು ಹತ್ತು ಸಾವಿರ ಮನೆಗಳಲ್ಲಿ ಅದು ಕೂತಿತು. ಕ್ಯಾಥರಿನ್ ಹಡಗನ್ನು ನೋಡಿದ್ದಳು; ಈಕೆ ರೈಲಿನ ಊಟದ ಗಾಡಿಯ ಅಡಿಗೆ ಕೋಣೆಯನ್ನು ನೋಡಿದಳು. ಒಲೆ, ತೊಟ್ಟಿ, ಫ್ರಿಜ್ಜು ಈ ಮೂರನ್ನೂ ಮೂರು ಮೂಲೆಗಳೆಂದೆಣಿಸಿ, ಆ ತ್ರಿಕೋನದ ಬದಿಗಳ ಮೊತ್ತ 26 ಅಡಿಗಳನ್ನು ಮೀರಬಾರದೆಂದು ಇಂದಿನ ವಾಸ್ತುಶಿಲ್ಪಿಗಳು ಹೇಳುವ ನಿಯಮ ಇದೇ ವಂಶದ್ದು.

ಕಳೆದ ವರ್ಷ ನಮ್ಮ ಹಳೆಯ ಮನೆಯ ಅಡಿಗೆಮನೆಯನ್ನು ಒಡೆದು ಹೊಸದಾಗಿ ಮಾಡಿಸುವಾಗ ನಾನು ಈ ನಕ್ಷೆಯನ್ನು ಮತ್ತೆ ಬಿಡಿಸಿ ನೋಡಿದೆ. ಮೇಸ್ತ್ರಿ ಮೊದಲು ಕೇಳಿದ್ದು ಟೈಲ್ಸಿನ ಬಣ್ಣವನ್ನು. ನಾವು ಮೊದಲು ಬರೆದುಕೊಂಡದ್ದು ಕೆಲಸದ ಕ್ರಮವನ್ನು. ಅಕ್ಕಿ ಬೇಳೆ ಡಬ್ಬಿಯಿಂದ ಹೊರಬರುತ್ತದೆ, ನಲ್ಲಿಯ ಕೆಳಗೆ ತೊಳೆಯಲ್ಪಡುತ್ತದೆ, ತರಕಾರಿ ಕಟ್ಟೆಯ ಮೇಲೆ ಹೆಚ್ಚಲ್ಪಡುತ್ತದೆ, ಒಲೆಯ ಮೇಲೆ ಬೇಯುತ್ತದೆ, ಎಲೆಗೆ ಬರುತ್ತದೆ, ಪಾತ್ರೆ ಮತ್ತೆ ನಲ್ಲಿಗೆ ಹೋಗುತ್ತದೆ. ಹಾಗಿದ್ದ ಮೇಲೆ ತೊಟ್ಟಿ ಡಬ್ಬಿಗಳ ಸಾಲಿಗೂ ಒಲೆಗೂ ನಡುವೆ ಬರಬೇಕು. ಹೆಚ್ಚುವ ಜಾಗ ತೊಟ್ಟಿಗೂ ಒಲೆಗೂ ನಡುವೆ ಬರಬೇಕು. ರಾಗಿ ಹಿಟ್ಟಿನ ಡಬ್ಬಿ ಮುದ್ದೆ ತೊಳಸುವಲ್ಲಿಯೇ ಇರಬೇಕು. ಕಟ್ಟೆಯ ಎತ್ತರವನ್ನು ಪುಸ್ತಕದಿಂದ ತೆಗೆದುಕೊಳ್ಳದೆ, ಮನೆಯಾಕೆ ನಿಂತಾಗ ಮೊಳಕೈಯಿಂದ ನಾಲ್ಕು ಬೆರಳು ಕೆಳಗೆ ಎಲ್ಲಿಗೆ ಬರುವುದೋ ಅಲ್ಲಿಗೆ ಗುರುತು ಹಾಕಿಸಿದೆವು. ಕೋಣೆಯ ಅಗಲ 8 ಅಡಿ. ಎರಡು ಗೋಡೆಗೂ ಎರಡೆರಡು ಅಡಿಯ ಕಟ್ಟೆ ಬಂದು ನಡುವೆ 4 ಅಡಿ ಉಳಿಯಿತು. ಆ ನಾಲ್ಕು ಅಡಿಯಲ್ಲಿ ಕಪಾಟೊಂದನ್ನು ನಿಲ್ಲಿಸೋಣವೆಂದು ಮೇಸ್ತ್ರಿಯ ಸಲಹೆ. ಬೇಡವೆಂದು ಮನೆಯಾಕೆಯ ತೀರ್ಮಾನ. ಇಬ್ಬರು ನಿಂತು ಕೆಲಸ ಮಾಡುವಷ್ಟು ಜಾಗ ಬೇಕೆಂದಳು. ಎರಡನೆಯವನು ಯಾರೆಂಬುದನ್ನು ಹೇಳಬೇಕಾಗಿರಲಿಲ್ಲ.

ಕ್ಯಾಥರಿನ್ ಬೀಚರಳ ಆಲೋಚನೆ ಎಲ್ಲಿ ನಿಂತುಹೋಯಿತೆಂಬುದು ಈ ಎರಡನೆಯವನ ಪ್ರಶ್ನೆಯಲ್ಲಿಯೇ ಕಾಣುತ್ತದೆ. ಅಡಿಗೆಮನೆಯಲ್ಲಿ ಎಲ್ಲ ವಸ್ತುಗಳ ಸ್ಥಾನವನ್ನೂ ಆಕೆ ಪ್ರಶ್ನಿಸಿದಳು. ಅಲ್ಲಿ ನಿಲ್ಲಬೇಕಾದ ವ್ಯಕ್ತಿಯ ಸ್ಥಾನವನ್ನು ಪ್ರಶ್ನಿಸಲಿಲ್ಲ. ಗೃಹವೇ ಸ್ತ್ರೀಯ ರಾಜ್ಯ, ಆ ರಾಜ್ಯದ ಆಡಳಿತಕ್ಕೆ ವೈದ್ಯ, ವಕೀಲರ ವೃತ್ತಿಗೆ ಸಮನಾದ ಶಿಕ್ಷಣ ಬೇಕು, ಗೌರವ ಬೇಕು ಎಂದು ವಾದಿಸಿದವಳು, ಸ್ತ್ರೀಯರಿಗೆ ಮತದ ಹಕ್ಕು ಬೇಕೆಂದಾಗ ಅದನ್ನು ಬಹಿರಂಗವಾಗಿ ವಿರೋಧಿಸಿದಳು. ಮಲತಾಯಿಯ ಮಗಳಾದ ತಂಗಿ ಇಸಬೆಲ್ಲಾ ಬೀಚರ್ ಹೂಕರ್ ಅದೇ ಹಕ್ಕಿನ ಹೋರಾಟದ ಮುಂದಾಳುಗಳಲ್ಲಿ ಒಬ್ಬಳಾಗಿದ್ದಳು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು ಎದುರುಬದುರಾಗಿ ನಿಂತರು. ಕಾಲ ಕಿರಿಯಳ ಪಕ್ಷವನ್ನು ವಹಿಸಿತು. ಫ್ರಾಂಕ್‌ಫರ್ಟಿನ ಅಡಿಗೆಮನೆಯನ್ನು ಕುರಿತೂ ಮುಂದೆ ಇದೇ ದೂರು ಕೇಳಿಬಂದಿತು. ಒಬ್ಬರೇ ನಿಲ್ಲುವಷ್ಟು ಜಾಗ ಮಾಡಿ, ಆ ಒಬ್ಬಳನ್ನು ಅಲ್ಲಿಯೇ ಒಂಟಿಯಾಗಿ ನಿಲ್ಲಿಸಿದರೆಂಬ ದೂರು ಅದು. ಹೆಜ್ಜೆಗಳನ್ನು ಉಳಿಸುವ ನಕ್ಷೆಯೊಂದೇ ಸಾಲದು. ಹೆಜ್ಜೆಗಳನ್ನು ಹಂಚಿಕೊಳ್ಳುವ ನಕ್ಷೆಯೂ ಬೇಕು. ಅದನ್ನು ಆಕೆ ಬರೆಯಲಿಲ್ಲ.

ಆದರೂ ಆಕೆಯನ್ನು ಸಂಪ್ರದಾಯದ ವಕೀಲಳೆಂದು ತಳ್ಳಿಹಾಕಲು ನನಗೆ ಮನಸ್ಸಾಗದು. ಆಕೆ ಬೋಧಿಸಿದ್ದು ಮದುವೆಯನ್ನು, ಬದುಕಿದ್ದು ಒಂಟಿಯಾಗಿ. ಹೊಗಳಿದ್ದು ಗೃಹವನ್ನು, ಇದ್ದದ್ದು ದಾರಿಯ ಮೇಲೆ. 1850ರ ದಶಕದಲ್ಲಿ ಮಿಲ್ವಾಕಿಯ ಸ್ತ್ರೀಯರ ಕಾಲೇಜನ್ನು ಬೆಳೆಸಲು ದುಡಿದಾಗ, ಅಲ್ಲಿ ತನಗೊಂದು ಮನೆಯಾಗಬೇಕೆಂಬ ಆಸೆಯನ್ನು ವ್ಯಕ್ತಪಡಿಸಿದ್ದಳು. ಅದು ಕೈಗೂಡಲಿಲ್ಲ. ತನಗೆ ದೊರೆಯದ ಮನೆಯನ್ನೇ ಆಕೆ ಕಾಗದದ ಮೇಲೆ ಗೆರೆಗೆರೆಯಾಗಿ, ಗೂಡುಗೂಡಾಗಿ, ಅಂಗುಲ ಅಂಗುಲವಾಗಿ ಕಟ್ಟಿದಳೆಂದು ನನಗೆ ತೋರುತ್ತದೆ. ಮದುವೆಯಾಗದ ಹೆಂಗಸರು ಅನಾಥ ಮಕ್ಕಳನ್ನು ಸಾಕಿಕೊಂಡು ತಮ್ಮದೇ ಸಂಸಾರ ಹೂಡಬಹುದೆಂಬ ಮಾತೂ 1869ರ ಪುಸ್ತಕದಲ್ಲಿ ಬರುತ್ತದೆ. ಆ ಕಾಲಕ್ಕೆ ಅದು ಸಾಮಾನ್ಯವಾದ ಧೈರ್ಯವಲ್ಲ.

1870ರಲ್ಲಿ, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, ತಾನು ಕಟ್ಟಿದ ಹಾರ್ಟ್‌ಫರ್ಡಿನ ಶಾಲೆಗೆ ಸ್ವಲ್ಪ ಕಾಲ ಮತ್ತೆ ಮುಖ್ಯಸ್ಥೆಯಾದಳು. ಕೊನೆಗೆ ನ್ಯೂಯಾರ್ಕ್ ಸಂಸ್ಥಾನದ ಎಲ್ಮೈರಾ ಎಂಬ ಊರಿನಲ್ಲಿ ಧರ್ಮೋಪದೇಶಕನಾಗಿದ್ದ ಮಲತಮ್ಮ ಥಾಮಸನ ಮನೆಯನ್ನು ಸೇರಿದಳು. ಅಲ್ಲಿಯೂ ಪತ್ರ, ಉಪನ್ಯಾಸ, ಹೊಸ ಯೋಜನೆಗಳು ನಿಲ್ಲಲಿಲ್ಲ. 1878ರ ಮೇ 12ರಂದು ಆಕೆ ಕಣ್ಣು ಮುಚ್ಚಿದಳು. ಸತ್ತದ್ದೂ ಪರರ ಸೂರಿನ ಕೆಳಗೆ. ತನಗಾಗಿ ಒಂದು ಒಲೆಯನ್ನೂ ಹೂಡದೆ ಹೋದ ಆ ಹೆಂಗಸು ಇತರರ ಒಲೆಯ ಮುಂದಿನ ಬೇಗೆಯನ್ನು ಕಡಮೆ ಮಾಡಲು ಮೂವತ್ತು ವರ್ಷ ಯೋಚಿಸಿದಳು. ನಾವು ಅಡಿಗೆಮನೆಯಲ್ಲಿ ಬೇಕಾದ ಡಬ್ಬಿಯನ್ನು ನೋಡದೆಯೇ ಕೈಚಾಚಿ ತೆಗೆದುಕೊಳ್ಳುವಾಗ, ಆ ಸುಲಭದ ಹಿಂದೆ ಅವಳ ಯೋಚನೆಯ ಅಂಶವೊಂದು ಉಳಿದಿದೆಯೆಂಬುದನ್ನು ನೆನೆಯುವುದು ಉಚಿತ.